ಒಂದು ಕ್ವಿಂಟಲ್ ತೊಗರಿಗೆ ಒಂದು ಸೈಕಲ್

ಕಬ್ಬಿನ ಹಂಗಾಮಿನಲ್ಲಿ ಅಫಜಲಪುರ ತಾಲ್ಲೂಕಿನ ಹವಳಗಾದ ಹಾದಿ ಹಿಡಿದವರಿಗೆ ಊರು ಕಾಣುವ ಮೊದಲು ಕಬ್ಬಿನ ಗಾಡಿಗಳು ಕಾಣುತ್ತವೆ. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್, ಅದರ ಮೇಲೆ ಆಳೆತ್ತರ ಹೇರಿದ ಕಬ್ಬು. ಸಕ್ಕರೆ ಕಾರ್ಖಾನೆಯ ಗೇಟಿನ ಕಡೆಗೆ ಅವು ಆಮೆಯಂತೆ ಸರಿಯುತ್ತಿರುತ್ತವೆ. ಆ ಸಾಲಿನ ಪಕ್ಕದಲ್ಲಿ, ಡಾಂಬರು ಮುಗಿದು ಎರೆಮಣ್ಣು ಶುರುವಾಗುವ ಒಂದು ಮೊಳ ಜಾಗದಲ್ಲಿ, ಪುಸ್ತಕದ ಚೀಲವನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹುಡುಗ ಹುಡುಗಿಯರು ಸೈಕಲ್ ತುಳಿಯುತ್ತ ಹೋಗುತ್ತಾರೆ.

ಇದು ಭೀಮಾ ತೀರದ ಬಯಲುಸೀಮೆ. ಒಂದು ಕಡೆ ದೇವಲ ಗಾಣಗಾಪುರದ ದತ್ತ ಕ್ಷೇತ್ರ, ಅಲ್ಲಿಯೇ ಭೀಮೆಯನ್ನು ಸೇರುವ ಅಮರ್ಜಾ. ಇನ್ನೊಂದು ಕಡೆ ಸೊನ್ನದ ಬ್ಯಾರೇಜು. ನಡುವೆ ಕಣ್ಣು ಹಾಯುವಷ್ಟು ದೂರ ತೊಗರಿ, ಹತ್ತಿ, ಕಬ್ಬು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲ್ಲೂಕುಗಳಲ್ಲಿ ಏರು ಇಳಿಜಾರು ಕಡಿಮೆ. ಸೈಕಲ್ ತುಳಿಯುವವನಿಗೆ ಭೂಮಿಯೇ ಅರ್ಧ ಕೆಲಸ ಮಾಡಿಕೊಟ್ಟಿದೆ ಎನ್ನಬಹುದು. ಉಳಿದರ್ಧವನ್ನು ಬಿಸಿಲು, ಮಣ್ಣು ಮತ್ತು ಮುಳ್ಳು ಸೇರಿ ಕಷ್ಟ ಮಾಡಿಟ್ಟಿವೆ.

ಪ್ರವೇಶದ ದಿನಗಳು ಬಂದವೆಂದರೆ ವಿಜ್ಞಾನ ಕಲಿಸುವ ನನ್ನಂಥವನ ಬಳಿ ಪಾಲಕರು ಒಂದು ಪ್ರಶ್ನೆ ಹೊತ್ತು ಬರುತ್ತಾರೆ. ಈ ಭಾಗದ ರೈತರೊಬ್ಬರು ಕೇಳಿದ್ದು ಹೀಗೆ: "ಸರ್, ಮಗಳಿಗಿ ಕಡಗಂಚಿ ಯೂನಿವರ್ಸಿಟಿಯೊಳಗ ಸೀಟ್ ಸಿಕ್ಕದರಿ. ಒಳಗ ಓಡಾಡ್ಲಾಕ ಸೈಕಲ್ ಬೇಕಂತಾಳ. ಎಂಥಾದು ಕೊಡಸ್ಬೇಕ್ರಿ? ಭಾಳ ರೊಕ್ಕ ಇಲ್ರಿ." ಪ್ರಶ್ನೆ ಸಣ್ಣದಲ್ಲ. ಫೀ, ಹಾಸ್ಟೆಲ್, ಪುಸ್ತಕ ಎಲ್ಲ ಕಳೆದು ಉಳಿದ ಹಣದಲ್ಲಿ ಕೊಳ್ಳುವ ವಸ್ತು ಮೂರು ವರ್ಷ ಬಾಳಬೇಕು. ಹುಡುಗಿ ಸುರಕ್ಷಿತವಾಗಿಯೂ ಇರಬೇಕು.

ಮೊದಲು ದೂರ ಅಳೆಯಿರಿ

ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2009ರಲ್ಲಿ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯ ಮೇಲೆ, ಕಡಗಂಚಿಯ ಬಯಲಿನಲ್ಲಿ, ಸುಮಾರು 650 ಎಕರೆಯಲ್ಲಿ ಅದರ ಆವರಣ ಹರಡಿದೆ. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯ 1980ರದು; ಅದರ 'ಜ್ಞಾನಗಂಗಾ' ಆವರಣ ಸುಮಾರು 860 ಎಕರೆ. ಎಕರೆ ಎಂದರೆ ರೈತರಿಗೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ. ಆದರೆ ನಡೆಯುವ ಕಾಲಿಗೆ ಬೇಕಾದದ್ದು ಕಿಲೋಮೀಟರ್. ಒಂದು ಲೆಕ್ಕ ಹಾಕೋಣ. 650 ಎಕರೆ ಎಂದರೆ ಸುಮಾರು 2.6 ಚದರ ಕಿಲೋಮೀಟರ್. ಅದನ್ನು ಚೌಕವೆಂದು ಭಾವಿಸಿದರೆ ಒಂದೊಂದು ಬದಿ 1.6 ಕಿ.ಮೀ. ಆಗುತ್ತದೆ. 860 ಎಕರೆಗೆ ಬದಿ ಸುಮಾರು 1.9 ಕಿ.ಮೀ.

ಹಾಸ್ಟೆಲಿನಿಂದ ತರಗತಿಗೆ 1.6 ಕಿ.ಮೀ. ಎಂದು ಹಿಡಿಯಿರಿ. ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದರೆ 19-20 ನಿಮಿಷ ಬೇಕು. ಗಂಟೆಗೆ 12 ಕಿ.ಮೀ.ನಂತೆ ನಿಧಾನವಾಗಿ ತುಳಿದರೂ ಸೈಕಲ್ಲಿಗೆ 8 ನಿಮಿಷ ಸಾಕು. ಬೆಳಿಗ್ಗೆ ತರಗತಿ, ಮಧ್ಯಾಹ್ನ ಊಟ, ಮತ್ತೆ ಪ್ರಯೋಗಾಲಯ, ಸಂಜೆ ವಾಪಸ್ಸು, ಹೀಗೆ ದಿನಕ್ಕೆ ನಾಲ್ಕು ಸಲ ಆದರೆ ಉಳಿಯುವುದು 48 ನಿಮಿಷ. ವರ್ಷಕ್ಕೆ 200 ದಿನ ಕಾಲೇಜು ನಡೆದರೆ 160 ಗಂಟೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ದಿನಗಳಿರುವ ಈ ನಾಡಿನಲ್ಲಿ ಆ ನಿಮಿಷಗಳು ನೆತ್ತಿಯ ಮೇಲಿನ ಬಿಸಿಲಿನ ನಿಮಿಷಗಳೂ ಹೌದು.

ನಿಮ್ಮ ಕಾಲೇಜು ತಾಲ್ಲೂಕು ಕೇಂದ್ರದ ಸಣ್ಣ ಕಟ್ಟಡವಾಗಿದ್ದು, ಬಸ್ ನಿಲ್ದಾಣದಿಂದ ಅರ್ಧ ಕಿ.ಮೀ. ಒಳಗಿದ್ದರೆ ಸೈಕಲ್ಲಿನ ಹಣವನ್ನು ಪುಸ್ತಕಕ್ಕೆ ಹಾಕುವುದೇ ಲೇಸು. ಆದ್ದರಿಂದ ಪ್ರವೇಶಕ್ಕೆ ಹೋದ ದಿನವೇ ಹಾಸ್ಟೆಲ್, ವಿಭಾಗ, ಗ್ರಂಥಾಲಯ, ಮುಖ್ಯದ್ವಾರ ಈ ನಾಲ್ಕರ ನಡುವೆ ನಡೆದು, ಗಡಿಯಾರ ನೋಡಿ ಬನ್ನಿ.

ಹಣದ ಲೆಕ್ಕ

ಗೇರಿಲ್ಲದ ಸಾದಾ ಸೈಕಲ್ಲುಗಳು ಈಗ ಸುಮಾರಾಗಿ ಐದರಿಂದ ಎಂಟು ಸಾವಿರ ರೂಪಾಯಿಯೊಳಗೆ ಸಿಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಹಳೆಯ ತೆರಿಗೆ ಹಾಕಿದ್ದಾರೆಯೇ ಎಂದು ನೋಡಿಕೊಳ್ಳಿ. 2025-26ರ ಮುಂಗಾರು ಹಂಗಾಮಿನ ತೊಗರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಎಂದರೆ ನಮ್ಮ ಕಡೆಯ ರೈತನಿಗೆ ಒಂದು ಕ್ವಿಂಟಲ್ ತೊಗರಿಯೊಳಗೆ ಒಂದು ಒಳ್ಳೆಯ ಸೈಕಲ್, ಒಂದು ಬೀಗ, ಒಂದು ಪಂಪು ಬರಬೇಕು. ಅದಕ್ಕಿಂತ ಹೆಚ್ಚು ಖರ್ಚು ಮಾಡಲು ಕ್ಯಾಂಪಸ್ಸಿನ ಓಡಾಟದಲ್ಲಿ ಕಾರಣ ಕಾಣುವುದಿಲ್ಲ.

ಇದೇ ಹೊತ್ತಿನಲ್ಲಿ ಮನೆಯ ಹುಡುಗ "ಬೈಕ್ ಕೊಡಸ್ರಿ, ಇಲ್ಲಂದ್ರ ಕಾಲೇಜಿಗಿ ಹೋಗಾಂಗಿಲ್ಲ" ಎಂದು ಹಟ ಹಿಡಿಯುವುದೂ ಉಂಟು. ಸಾಲ ಮಾಡಿ ಬೈಕ್ ಕೊಡಿಸುವ ಪಾಲಕರು ಎರಡು ಮಾತು ನೆನಪಿಡಬೇಕು. ಲೀಟರ್ ಪೆಟ್ರೋಲಿಗೆ ನೂರು ರೂಪಾಯಿ, ಲೀಟರಿಗೆ 50 ಕಿ.ಮೀ. ಎಂದರೂ ಕಿಲೋಮೀಟರಿಗೆ ಎರಡು ರೂಪಾಯಿ. ಕಂತು, ವಿಮೆ, ರಿಪೇರಿ ಬೇರೆ. ಎರಡನೆಯದು ಕಾನೂನು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, 18 ತುಂಬದ ಮಕ್ಕಳು ಬೈಕ್ ಓಡಿಸಿ ತಪ್ಪೆಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಪಿಯುಸಿಯ ಹೆಚ್ಚಿನ ಹುಡುಗರು ಈ ವಯಸ್ಸಿನವರೇ. ಸೈಕಲ್ಲಿಗೆ ಲೈಸೆನ್ಸಿಲ್ಲ, ವಿಮೆಯಿಲ್ಲ, ಕಂತೂ ಇಲ್ಲ.

ಗೇರು ಬೇಕೆ?

ಅಂಗಡಿಗೆ ಹೋದೊಡನೆ ಕಣ್ಣಿಗೆ ಬೀಳುವುದು ಬಣ್ಣಬಣ್ಣದ, ದಪ್ಪ ಟೈರಿನ, 18 ಅಥವಾ 21 ಗೇರುಗಳ ಸೈಕಲ್. ಗೇರೆಂದರೇನು ಎಂಬುದನ್ನು ತಿಳಿದರೆ ಆಸೆ ತಾನೇ ಇಳಿಯುತ್ತದೆ. ಪೆಡಲಿನ ಬಳಿಯ ದೊಡ್ಡ ಹಲ್ಲುಚಕ್ರದ ಹಲ್ಲು ಎಣಿಸಿ, 44 ಇದೆಯೆನ್ನಿ. ಹಿಂದಿನ ಫ್ರೀವೀಲಿನಲ್ಲಿ 18 ಇದೆಯೆನ್ನಿ. 44ನ್ನು 18ರಿಂದ ಭಾಗಿಸಿದರೆ 2.44. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರ 2.44 ಸುತ್ತು ತಿರುಗುತ್ತದೆ. 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಆದ್ದರಿಂದ ಒಂದು ತುಳಿತಕ್ಕೆ ಸೈಕಲ್ 5.4 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 45 ಸುತ್ತು ತುಳಿದರೆ ಗಂಟೆಗೆ 14-15 ಕಿ.ಮೀ. ವೇಗ. ನಮ್ಮ ಬಯಲಿಗೆ ಇಷ್ಟೇ ಬೇಕು.

ಘಾಟಿ ಹತ್ತುವವರಿಗೆ ಗೇರು ವರದಾನ. ಇಲ್ಲಿ ಘಾಟಿಯಿಲ್ಲ. ಮುಂಗಾರಿನಲ್ಲಿ ಎದುರುಗಾಳಿ ಬೀಸಿದಾಗ ಮಾತ್ರ ತುಳಿಯುವುದು ಕಷ್ಟವಾಗುತ್ತದೆ. ಮೊಣಕಾಲಿಗೆ ಭಾರವೆನಿಸಿದರೆ ಹಿಂದಿನ ಫ್ರೀವೀಲನ್ನು 20 ಹಲ್ಲಿನದಕ್ಕೆ ಬದಲಿಸಿಕೊಳ್ಳಿ. ಒಂದು ತುಳಿತಕ್ಕೆ 4.8 ಮೀಟರ್ ಹೋಗುತ್ತದೆ, ಕಾಲು ಹಗುರಾಗುತ್ತದೆ. ಅಗ್ಗದ ಗೇರಿನ ಸೈಕಲ್ಲಿನಲ್ಲಿ ಧೂಳು ಹೊಕ್ಕ ಮೇಲೆ ಚೈನು ಜಾರುವುದು, ತಂತಿ ಸಡಿಲಾಗುವುದು ಸಾಮಾನ್ಯ. ಅದನ್ನು ಸರಿಮಾಡಲು ಬರುವವರು ಊರ ಪಂಕ್ಚರ್ ಅಂಗಡಿಯಲ್ಲಿ ಸಿಗುವುದು ಕಷ್ಟ. ದಪ್ಪ ಟೈರಿನ ಸೈಕಲ್ಲಿಗೂ ಇದೇ ಮಾತು: ಟ್ಯೂಬು ಹಾಳಾದರೆ ಅದೇ ಅಳತೆಯದು ಹತ್ತಿರದಲ್ಲಿ ಸಿಗಬೇಕಲ್ಲ? ಕೊಳ್ಳುವ ಮೊದಲು ಟೈರಿನ ಪಕ್ಕದಲ್ಲಿ ಬರೆದ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು, ಕಾಲೇಜಿನ ಹತ್ತಿರದ ಅಂಗಡಿಯಲ್ಲಿ ಆ ಟ್ಯೂಬು ಇದೆಯೇ ಕೇಳಿ. ಈ ಒಂದು ವಿಚಾರಣೆ ಮುಂದಿನ ಮೂರು ವರ್ಷದ ತಾಪತ್ರಯ ತಪ್ಪಿಸುತ್ತದೆ.

ಎರೆಮಣ್ಣು, ಜಾಲಿಮುಳ್ಳು

ನಮ್ಮ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳ. ನೀರು ಬಿದ್ದರೆ ಅದು ಉಬ್ಬುತ್ತದೆ, ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ. ತೊಗರಿಗೆ ಹಿಡಿಸುವ ಈ ಗುಣವೇ ಸೈಕಲ್ಲಿಗೆ ಮುಳುವು. ಮಳೆಯಲ್ಲಿ ಹೊಲದ ಹಾದಿ ಹೊಕ್ಕರೆ ಹತ್ತು ಮಾರು ಹೋಗುವುದರೊಳಗೆ ಮಣ್ಣು ಟೈರಿಗೆ ಸುತ್ತಿ, ಮಡ್‌ಗಾರ್ಡಿನ ಒಳಗೆ ತುಂಬಿ, ಚಕ್ರ ನಿಂತೇ ಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಊರುಗಳಿಗೆ ನುಗ್ಗಿದಾಗ ಆ ಮಣ್ಣಿನ ಹಿಡಿತ ಎಂಥದ್ದೆಂದು ಎಲ್ಲರೂ ಕಂಡರು. ಸೈಕಲ್ ಕೊಳ್ಳುವಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಬೆರಳಾದರೂ ಸಂದು ಇದೆಯೇ ನೋಡಿ. ಮಡ್‌ಗಾರ್ಡೇ ಇಲ್ಲದ ಸೈಕಲ್ ಬೇಡ. ಮಳೆಗಾಲದಲ್ಲಿ ಬೆನ್ನಿನ ತುಂಬ ಕೆಸರಿನ ಗೆರೆ ಮೂಡಿಸಿಕೊಂಡು ತರಗತಿಗೆ ಹೋಗಬೇಕಾದೀತು.

ಇನ್ನು ಮುಳ್ಳು. ಬಳ್ಳಾರಿ ಜಾಲಿ ಮತ್ತು ನೆಲದ ಮೇಲೆ ಹಬ್ಬುವ ನೆಗ್ಗಿಲು ಇವೆರಡೂ ಈ ಭಾಗದಲ್ಲಿ ಪಂಕ್ಚರ್ ಅಂಗಡಿಯವರ ಅನ್ನದಾತರು. ಹೊಸ ಕ್ಯಾಂಪಸ್ಸುಗಳ ಕಾಲುಹಾದಿಯ ಪಕ್ಕದಲ್ಲೂ ಅವಿವೆ. ಆದ್ದರಿಂದ ಒಂದು ಕೈಪಂಪು, ಪಂಕ್ಚರಿನ ತುಂಡುರಬ್ಬರು, ಸೊಲ್ಯೂಷನ್, ಉಜ್ಜುವ ಕಾಗದ ಇಷ್ಟನ್ನು ಹಾಸ್ಟೆಲಿನ ಪೆಟ್ಟಿಗೆಯಲ್ಲಿಡಿ. ಹೊರಡುವ ಮೊದಲು ಮನೆಯಲ್ಲೇ ಎರಡು ಸಲ ಟ್ಯೂಬು ಬಿಚ್ಚಿ, ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕುವುದನ್ನು ಮಕ್ಕಳಿಗೆ ಕಲಿಸಿ.

ಬೇಸಿಗೆಯಲ್ಲಿ ಗಾಳಿ ಉಬ್ಬಿ ಟೈರು ಸಿಡಿಯುತ್ತದೆಂದು ಅರ್ಧ ಗಾಳಿಯಲ್ಲೇ ಓಡಿಸುವವರುಂಟು. ಲೆಕ್ಕ ನೋಡಿ: 30 ಡಿಗ್ರಿಯಲ್ಲಿ 50 ಪೌಂಡ್ ಗಾಳಿ ಹಾಕಿದ ಟೈರು ಬಿಸಿಲಿನಲ್ಲಿ 60 ಡಿಗ್ರಿಗೆ ಕಾದರೂ ಒತ್ತಡ ಏರುವುದು ಸುಮಾರು 56ಕ್ಕೆ ಮಾತ್ರ. ಟೈರು ಒಳ್ಳೆಯದಿದ್ದು, ಅದರ ಪಕ್ಕದಲ್ಲಿ ಬರೆದ ಮಿತಿಗಿಂತ ಹತ್ತು ಪೌಂಡ್ ಕಡಿಮೆ ಹಾಕಿದರೆ ಭಯವಿಲ್ಲ. ಗಾಳಿ ಕಡಿಮೆಯಾದರೇ ಕೇಡು: ತುಳಿಯುವುದು ಭಾರ, ಕಲ್ಲಿಗೆ ಬಡಿದರೆ ರಿಮ್ ಮತ್ತು ಕಲ್ಲಿನ ನಡುವೆ ಸಿಕ್ಕಿ ಟ್ಯೂಬು ಕತ್ತರಿಸುತ್ತದೆ. ಬಿಸಿಲು ಹಾಳುಮಾಡುವುದು ರಬ್ಬರನ್ನು. ನೆರಳಿನಲ್ಲಿ ನಿಲ್ಲಿಸಿ, ಟೈರಿನ ಬದಿ ಬಿರುಕುಬಿಟ್ಟರೆ ಬದಲಿಸಿ.

ಬ್ರೇಕು ಮತ್ತು ಎತ್ತರ

ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಬ್ರೇಕ್ ಹಿಡಿದು ನೋಡಿ. ಗಂಟೆಗೆ 15 ಕಿ.ಮೀ. ಎಂದರೆ ಸೆಕೆಂಡಿಗೆ 4.2 ಮೀಟರ್. ಬ್ರೇಕು ಪ್ರತಿ ಸೆಕೆಂಡಿಗೆ 3 ಮೀಟರಿನಷ್ಟು ವೇಗ ತಗ್ಗಿಸುವಂತಿದ್ದರೆ ಸೈಕಲ್ ಸುಮಾರು 3 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಸೆಕೆಂಡಿಗೆ ಒಂದೇ ಮೀಟರಿನಷ್ಟು ತಗ್ಗಿಸಿದರೆ ಬೇಕಾಗುವುದು ಸುಮಾರು 9 ಮೀಟರ್. ಹೊಳೆಯುವ ಉಕ್ಕಿನ ರಿಮ್ ಒದ್ದೆಯಾದಾಗ ರಬ್ಬರಿನ ಬ್ರೇಕು ಜಾರುವುದರಿಂದ ಈ ವ್ಯತ್ಯಾಸ ಪುಸ್ತಕದಿಂದ ರಸ್ತೆಗೆ ಇಳಿಯುತ್ತದೆ. ಬೆಲೆಯಲ್ಲಿ ಸ್ವಲ್ಪ ಹೆಚ್ಚಾದರೂ ಅಲ್ಯುಮಿನಿಯಂ ರಿಮ್ ಮಳೆಯಲ್ಲಿ ಮೇಲು. ಗೇರಿಗೆ ಕೊಡುವ ಹಣವನ್ನು ಇದಕ್ಕೆ ಕೊಡಿ. ಎರಡೂ ಚಕ್ರಕ್ಕೆ ಬ್ರೇಕು ಸರಿಯಾಗಿ ಹಿಡಿಯಬೇಕು, ಬಿಟ್ಟಾಗ ರಿಮ್ಮಿಗೆ ಉಜ್ಜಬಾರದು.

ಎತ್ತರಕ್ಕೊಂದು ಸುಲಭ ಪರೀಕ್ಷೆಯಿದೆ. ಸೀಟಿನ ಮೇಲೆ ಕುಳಿತು, ಪೆಡಲ್ ತೀರ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗುತ್ತದೆ. ಅದೇ ಸರಿಯಾದ ಎತ್ತರ. "ಇನ್ನೂ ಬೆಳೀತಾನ, ದೊಡ್ಡದೇ ಇರ್ಲಿ" ಎಂದು ಅಂಗಿ ಹೊಲಿಸಿದಂತೆ ದೊಡ್ಡ ಸೈಕಲ್ ಕೊಡಿಸಬೇಡಿ; ಕಾಲು ನೆಲಕ್ಕೆ ಎಟುಕದೆ ಬೀಳುತ್ತಾರೆ. ಚೂಡಿದಾರ, ಲಂಗ ಉಡುವ ಹುಡುಗಿಯರಿಗೆ ನಡುಕಂಬಿ ತಗ್ಗಿದ ಸೈಕಲ್, ಪೂರ್ತಿ ಮುಚ್ಚಿದ ಚೈನ್‌ಕವರ್, ಹಿಂದಿನ ಚಕ್ರಕ್ಕೆ ದುಪಟ್ಟಾ ಸಿಗದಂತೆ ಜಾಲರಿ, ಈ ಮೂರೂ ಇರಲಿ.

ಹಳೆಯದಾದರೂ ಆಗಬಹುದು

ಹವಳಗಾ ಸುತ್ತಿನ ಎಷ್ಟೋ ಮನೆಗಳ ದನದ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಕರಿ ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿರುತ್ತದೆ. ಅಟ್ಲಾಸ್‌ನಂಥ ಹಳೆಯ ಹೆಸರಿನ ಕಂಪನಿ 2020ರಲ್ಲಿ ತನ್ನ ಸಾಹಿಬಾಬಾದ್ ಕಾರ್ಖಾನೆಯನ್ನು ಮುಚ್ಚಿದರೂ ಈ ಬಗೆಯ ಸೈಕಲ್ಲುಗಳ ಅಳತೆ ಸಾಮಾನ್ಯವಾಗಿ ಒಂದೇ ಆದ್ದರಿಂದ ಬೇರೆ ತಯಾರಕರ ಬಿಡಿಭಾಗಗಳು ಹೊಂದುತ್ತವೆ. ಚೌಕಟ್ಟಿನ ಬೆಸುಗೆಗಳಲ್ಲಿ ಬಿರುಕಿಲ್ಲದಿದ್ದರೆ, ಚಕ್ರ ತಿರುಗಿಸಿದಾಗ ಅತ್ತಿತ್ತ ಓಲಾಡದಿದ್ದರೆ, ಬೇರಿಂಗಿನ ಗುಂಡು, ಚೈನು, ಬ್ರೇಕಿನ ರಬ್ಬರು, ಟೈರು ಟ್ಯೂಬು ಬದಲಿಸಿ ಓವರ್‌ಹಾಲ್ ಮಾಡಿಸಿದರೆ ಹೊಸದರ ಅರ್ಧ ಬೆಲೆಯೊಳಗೆ ಗಟ್ಟಿಮುಟ್ಟಾದ ಸೈಕಲ್ ಸಿದ್ಧ. ಭಾರ ಹೆಚ್ಚು, ನಿಜ. ಸಮತಟ್ಟು ಕ್ಯಾಂಪಸ್ಸಿನಲ್ಲಿ ಆ ಭಾರ ಅಷ್ಟಾಗಿ ಕಾಡದು. ಕಳ್ಳರ ಕಣ್ಣೂ ಅದರ ಮೇಲೆ ಕಡಿಮೆ.

ಓದು ಮುಗಿಸಿ ಹೋಗುವ ವಿದ್ಯಾರ್ಥಿಗಳಿಂದ ಕೊಳ್ಳುವುದು ಇನ್ನೂ ಒಳ್ಳೆಯ ದಾರಿ. ಆದರೆ ಮೂಲ ಬಿಲ್ಲು ಕೇಳಿ ಪಡೆಯಿರಿ. ಚೌಕಟ್ಟಿನ ಮೇಲೆ, ಸಾಮಾನ್ಯವಾಗಿ ಪೆಡಲಿನ ಅಚ್ಚಿನ ಕೆಳಗೆ ಅಥವಾ ಸೀಟಿನ ಕೆಳಗಿನ ಕೊಳವೆಯ ಮೇಲೆ ಕೆತ್ತಿದ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೀಗ ಹಾಕುವಾಗ ಚಕ್ರವನ್ನಷ್ಟೇ ಕಟ್ಟದೆ ಚೌಕಟ್ಟನ್ನೂ ಸೇರಿಸಿ ಗಟ್ಟಿ ಕಂಬಕ್ಕೆ ಬಿಗಿಯಿರಿ.

ಕೊಳ್ಳದೆಯೂ ಸೈಕಲ್ ಬಳಸುವ ಹಾದಿ ಮೈಸೂರಿನಲ್ಲಿದೆ. 2017ರ ಜೂನಿನಲ್ಲಿ ಅಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಸೈಕಲ್ ಯೋಜನೆ 450 ಸೈಕಲ್ಲುಗಳೊಂದಿಗೆ ಆರಂಭವಾಯಿತು. ಒಂದು ನಿಲ್ದಾಣದಲ್ಲಿ ಎತ್ತಿಕೊಂಡು ಇನ್ನೊಂದರಲ್ಲಿ ಬಿಡುವ ಏರ್ಪಾಡು. ಮುಖ್ಯದ್ವಾರ, ಹಾಸ್ಟೆಲ್, ಗ್ರಂಥಾಲಯಗಳ ನಡುವೆ ಇಂಥದ್ದೊಂದು ಏರ್ಪಾಡು ನಮ್ಮ ಭಾಗದ ವಿಶ್ವವಿದ್ಯಾಲಯಗಳಿಗೂ ಒಪ್ಪುವಂಥದ್ದು.

ಕಬ್ಬಿನ ಹಂಗಾಮಿನ ರಾತ್ರಿ

ಕ್ಯಾಂಪಸ್ಸಿನ ಒಳಗೆ ಸೈಕಲ್ ಸುರಕ್ಷಿತ. ಗೇಟು ದಾಟಿದ ಮೇಲಿನ ಮಾತು ಬೇರೆ. ಕಬ್ಬಿನ ಟ್ರೇಲರುಗಳ ಹಿಂದೆ ದೀಪವಿರುವುದಿಲ್ಲ, ಇದ್ದರೂ ಕಬ್ಬಿನ ಸೋಗೆಯಲ್ಲಿ ಮುಚ್ಚಿರುತ್ತದೆ. ಎದುರಿನ ಲಾರಿಯ ಬೆಳಕಿಗೆ ಕಣ್ಣು ಕೋರೈಸಿದ ಸೈಕಲ್ ಸವಾರ ನಿಂತ ಟ್ರೇಲರಿಗೆ ಹೋಗಿ ಬಡಿಯಬಹುದು. ಹಿಂದಿನಿಂದ ಬರುವ ವಾಹನಕ್ಕೆ ಸವಾರನೇ ಕಾಣದಿರಬಹುದು. ಕತ್ತಲಾದ ಮೇಲೆ ಮುಖ್ಯರಸ್ತೆಯಲ್ಲಿ ಸೈಕಲ್ ಬೇಡವೆಂಬುದೇ ಮೊದಲ ಸಲಹೆ. ಅನಿವಾರ್ಯವಾದರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಪೆಡಲು ಮತ್ತು ಚಕ್ರದ ಕಡ್ಡಿಗಳಿಗೆ ಐಎಸ್‌ಐ ಗುರುತಿನ ಪ್ರತಿಫಲಕ, ಮೈಮೇಲೆ ತಿಳಿಬಣ್ಣದ ಅಂಗಿ, ತಲೆಗೆ ಹೆಲ್ಮೆಟ್ ಇರಬೇಕು. ಪ್ರತಿಫಲಕ ಬೆಳಕನ್ನು ಬಂದ ದಿಕ್ಕಿಗೇ ತಿರುಗಿ ಕಳಿಸುತ್ತದೆ. ಧೂಳು ಕೂತರೆ ಕಳಿಸುವುದಿಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ.

ಮಗಳಿಗೂ ಒಂದು

2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ತೊಡಗಿದಾಗ ನಮ್ಮ ಹಳ್ಳಿಗಳ ರಸ್ತೆಯ ನೋಟವೇ ಬದಲಾಯಿತು. ಅದುವರೆಗೆ ಸೈಕಲ್ ಮುಟ್ಟದ ಹುಡುಗಿಯರು ಗುಂಪುಗುಂಪಾಗಿ ಬೆಲ್ ಬಾರಿಸುತ್ತ ಹೈಸ್ಕೂಲಿಗೆ ಬಂದರು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ಹೀಗಾಗಿ ಈಗ ಕಾಲೇಜು ಸೇರುವ ಎಷ್ಟೋ ಹುಡುಗಿಯರಿಗೆ ಸೈಕಲ್ ತುಳಿದ ರೂಢಿಯೇ ಇಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಅವರು ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಕೊಡದೆ ಗೇಟಿನವರೆಗೆ ಬರುತ್ತಾರೆ. ಗೇಟಿನಿಂದ ವಿಭಾಗದವರೆಗಿನ ಬಿಸಿಲಿನ ಹಾದಿ ಹಾಗೆಯೇ ಉಳಿದಿದೆ.

ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಮಗನಿಗೆ ಗಾಡಿ, ಮಗಳಿಗೆ "ನಡಕೋತ ಹೋಗವ್ವ, ಏನ್ ದೂರ ಅದ" ಎಂಬ ಮಾತು ಸಿಗುವುದನ್ನು ನಾವೆಲ್ಲ ಕಂಡಿದ್ದೇವೆ. ಸಂಜೆ ಪ್ರಯೋಗಾಲಯ ತಡವಾದರೆ ಒಬ್ಬಳೇ ನಡೆದು ಬರಬೇಕಲ್ಲ ಎಂಬ ಅಂಜಿಕೆಗೆ ಗ್ರಂಥಾಲಯವನ್ನೇ ಬಿಡುವ ಹುಡುಗಿಯರಿದ್ದಾರೆ. ಇಪ್ಪತ್ತು ನಿಮಿಷದ ನಡಿಗೆ ಎಂಟು ನಿಮಿಷದ ಸವಾರಿಯಾದರೆ ಆ ಅಂಜಿಕೆಯೂ ಅಷ್ಟು ಕಡಿಮೆಯಾಗುತ್ತದೆ, ಓದಿಗೆ ಸುಮಾರು ಮುಕ್ಕಾಲು ತಾಸು ಹೆಚ್ಚು ಸಿಗುತ್ತದೆ.

ಪ್ರವೇಶದ ರಶೀದಿ ಕೈಗೆ ಬಂದ ವಾರವೇ ಸೈಕಲ್ ಹೊಂದಿಸಿಕೊಳ್ಳಿ. ಕಾಲೇಜು ಶುರುವಾಗುವ ಮೊದಲಿನ ಹದಿನೈದು ದಿನ ಬೆಳಿಗ್ಗೆ, ಶಾಲೆಯ ಮೈದಾನದಲ್ಲೋ ಖಾಲಿ ಕಣದಲ್ಲೋ, ಸೀಟು ತಗ್ಗಿಸಿ ಎರಡೂ ಕಾಲು ನೆಲಕ್ಕೆ ತಾಗುವಂತೆ ಮಾಡಿ ಅಭ್ಯಾಸ ಮಾಡಿಸಿ. ತೋಲನ ಬಂದ ಮೇಲೆ ಸೀಟು ಏರಿಸಿ. ಹೊಸ ಸೈಕಲ್ಲಿನ ನಟ್ಟುಗಳು ಮೊದಲ ತಿಂಗಳಲ್ಲಿ ಸಡಿಲಾಗುತ್ತವೆ. ಒಮ್ಮೆ ಅಂಗಡಿಗೆ ಒಯ್ದು ಬಿಗಿಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು, ಮಿಕ್ಕದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ಹೆಚ್ಚು ಎಣ್ಣೆ ಬಿಟ್ಟರೆ ನಮ್ಮ ಸೀಮೆಯ ಧೂಳೆಲ್ಲ ಅಲ್ಲೇ ಬಂದು ಕೂರುತ್ತದೆ.